ಮರಿಗೆ ಪಾರ್ವೋ ಬಂದಾಗ: ಹೊಟ್ಟೆಯೊಳಗೆ ಏನಾಗುತ್ತದೆ, ಸಲೈನ್ ಯಾಕೆ ಬೇಕು, ಲಸಿಕೆ ಎಷ್ಟು ಸಲ

ಆಷಾಢದ ಮಳೆ ಹೊಡೆಯುತ್ತಿದ್ದ ಒಂದು ಬೆಳಿಗ್ಗೆ ಪಕ್ಕದ ಮನೆಯ ಅತ್ತೆ ಬೇಲಿಯಾಚೆಯಿಂದಲೇ ಕೂಗಿ ಹೇಳಿದರು: "ಕುನ್ನಿಮರಿ ನಿನ್ನೆಯಿಂದ ಹಾಲೂ ಮುಟ್ಟಿದ್ದಿಲ್ಲೆ, ಒಂದ್ಸಲ ಬಂದು ನೋಡು." ಹೋಗಿ ನೋಡಿದರೆ ಎರಡೂವರೆ ತಿಂಗಳ ಮರಿ ಜಗುಲಿಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಮುದುಡಿಕೊಂಡಿತ್ತು. ಅಡಿಕೆ ಹಾಳೆಯಲ್ಲಿ ಹಾಕಿಟ್ಟ ಹಾಲು ಕೆನೆಗಟ್ಟಿತ್ತು. ಹೆಸರು ಕರೆದರೆ ಬಾಲದ ತುದಿ ಮಾತ್ರ ಅಲ್ಲಾಡಿತು, ತಲೆ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಳದಿ ನೊರೆ ವಾಂತಿ, ಸಂಜೆಗೆ ರಕ್ತಭೇದಿ. ಮಳೆಗಾಲದ ಗಾಳಿಯಲ್ಲೂ ಅಂಗಳದ ತನಕ ಹೊಡೆಯುವ ಆ ವಾಸನೆಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಅದೇ ಸೂಲಿನ ಇನ್ನೆರಡು ಮರಿಗಳು ಕೆಳಗಿನ ಕೇರಿಯ ಮನೆಗಳಿಗೆ ಹೋಗಿದ್ದವು. ಎರಡೂ ಅದೇ ವಾರ ಸತ್ತಿದ್ದವು. ಒಂದು ಮನೆಯವರು ಯಾರೋ ವಿಷ ಹಾಕಿದರು ಅಂದುಕೊಂಡಿದ್ದರು, ಇನ್ನೊಂದು ಮನೆಯವರು ಹುಳದ ಬಾಧೆ ಅಂದುಕೊಂಡು ಮನೆಮದ್ದು ಮಾಡಿದ್ದರು. ಮೂರಕ್ಕೂ ಬಂದದ್ದು ಪಾರ್ವೋ. ಶಿರಸಿಯ ಹಳ್ಳಿಗಳಲ್ಲಿ, ಕುಮಟಾ, ಅಂಕೋಲಾ, ಕಾರವಾರದ ಕೇರಿಗಳಲ್ಲಿ ಮರಿ ಸಾಕಿದವರ ಬಾಯಲ್ಲಿ ಈ ಹೆಸರು ಆಗಾಗ ಕೇಳಿಬರುತ್ತದೆ. ರೋಗ ಏನು ಮಾಡುತ್ತದೆ ಎಂಬುದು ಮಾತ್ರ ಹೆಚ್ಚಿನವರಿಗೆ ಮರಿ ಕೈತಪ್ಪಿದ ಮೇಲೆಯೇ ಗೊತ್ತಾಗುತ್ತದೆ. ಆ ವಾರ ಕೇರಿಯವರು ಕೇಳಿದ ಪ್ರಶ್ನೆಗಳನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಪಾರ್ವೋ ಅಂದರೆ ಏನು

ಇದೊಂದು ವೈರಾಣು. ಲ್ಯಾಟಿನ್ ಭಾಷೆಯಲ್ಲಿ ಪಾರ್ವೋ ಅಂದರೆ ಚಿಕ್ಕದು. ವೈರಾಣುಗಳಲ್ಲೇ ಇದು ತೀರಾ ಸಣ್ಣ ಜಾತಿ. ಸುಮಾರು 40,000 ವೈರಾಣುಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಆದೀತು. ನಾಯಿಗಳಲ್ಲಿ ಇದನ್ನು ಮೊದಲು ಗುರುತಿಸಿದ್ದು 1978ರಲ್ಲಿ. ಬೆಕ್ಕುಗಳಿಗೆ ಬರುವ ಇಂಥದ್ದೇ ಒಂದು ವೈರಾಣುವಿಗೆ ಇದು ಹತ್ತಿರದ ಸಂಬಂಧಿ. ಆಗ ಯಾವ ನಾಯಿಯ ಮೈಯಲ್ಲೂ ಇದರ ವಿರುದ್ಧ ಶಕ್ತಿ ಇರಲಿಲ್ಲವಾದ್ದರಿಂದ ಎರಡು ವರ್ಷದೊಳಗೆ ಲೋಕವೆಲ್ಲ ಹಬ್ಬಿತು. 1980ರ ದಶಕದ ಆರಂಭದಲ್ಲಿ ಭಾರತದಲ್ಲೂ ಕಾಣಿಸಿಕೊಂಡಿತು. ಅಂದರೆ ನಮ್ಮ ಅಜ್ಜಂದಿರ ಕಾಲದ ನಾಯಿಗಳಿಗೆ ಈ ರೋಗವೇ ಇರಲಿಲ್ಲ. "ನಾವು ಎಷ್ಟು ನಾಯಿ ಸಾಕಿದ್ವು, ಯಾವುದಕ್ಕೆ ಇಂಜೆಕ್ಷನ್ ಕೊಡಿಸಿದ್ವು?" ಎಂದು ಹಿರಿಯರು ಕೇಳಿದರೆ ಅದಕ್ಕೆ ಉತ್ತರ ಇಲ್ಲಿದೆ.

ಇದರ ಇನ್ನೊಂದು ಗುಣ ನೆನಪಿಡಬೇಕಾದ್ದು. ಕೊರೋನಾದಂಥ ವೈರಾಣುಗಳಿಗೆ ಮೇಲೊಂದು ಜಿಡ್ಡಿನ ಹೊದಿಕೆ ಇರುತ್ತದೆ, ಸೋಪು ಹಾಕಿದರೆ ಅದು ಕರಗಿ ವೈರಾಣು ಸಾಯುತ್ತದೆ. ಪಾರ್ವೋಗೆ ಆ ಹೊದಿಕೆ ಇಲ್ಲ. ಗಟ್ಟಿ ಚಿಪ್ಪಿನ ಕಾಯಿ ಇದ್ದ ಹಾಗೆ. ಹಾಗಾಗಿ ಸೋಪು, ಸ್ಯಾನಿಟೈಸರ್, ಫಿನಾಯಿಲ್ ಇವನ್ನು ನಂಬಿ ಕೂರುವಂತಿಲ್ಲ. ನೆರಳು, ತೇವ ಇರುವ ಜಾಗದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದ ತನಕವೂ ಉಳಿಯುತ್ತದೆ. ಅಡಿಕೆ ತೋಟದ ಅಂಚಿನ, ನಾಲ್ಕು ತಿಂಗಳು ಒಣಗದ ನಮ್ಮ ಅಂಗಳಗಳನ್ನು ನೆನೆಸಿಕೊಂಡರೆ ಅರ್ಥವಾಗುತ್ತದೆ.

ಹರಡುವುದು ಮಲದಿಂದ. ರೋಗ ಬಂದ ಮರಿಯ ಒಂದು ಗ್ರಾಂ ಮಲದಲ್ಲಿ ವೈರಾಣುಗಳು ನೂರು ಕೋಟಿಯ ಲೆಕ್ಕದಲ್ಲಿ ಇರಬಹುದು. ಮರಿ ಅದನ್ನು ಮೂಸಬೇಕು, ನೆಕ್ಕಬೇಕು ಎಂದೇನಿಲ್ಲ; ನಮ್ಮ ಚಪ್ಪಲಿ, ಬೈಕಿನ ಗಾಲಿ, ತಟ್ಟೆ, ಹಾಸಿದ ಚೀಲ ಎಲ್ಲವೂ ಅದನ್ನು ಹೊತ್ತು ತರುತ್ತವೆ. ಮನೆಯಿಂದ ಹೊರಗೇ ಬಿಡದ ಮರಿಗೂ ಪಾರ್ವೋ ಬರುವುದು ಹೀಗೆ.

ಹೊಟ್ಟೆಯೊಳಗೆ ಏನಾಗುತ್ತದೆ

ವೈರಾಣು ಮೈ ಹೊಕ್ಕು ಸಾಮಾನ್ಯವಾಗಿ ಮೂರರಿಂದ ಏಳು ದಿನಕ್ಕೆ ಲಕ್ಷಣ ಕಾಣುತ್ತದೆ. ತಾನಾಗಿ ಬೆಳೆಯುವ ಶಕ್ತಿ ಇದಕ್ಕಿಲ್ಲ. ವೇಗವಾಗಿ ಒಡೆದು ಎರಡಾಗುತ್ತಿರುವ ಜೀವಕೋಶ ಸಿಕ್ಕಿದರೆ ಮಾತ್ರ ಅದರೊಳಗೆ ಹೊಕ್ಕು ಸಾವಿರಾರು ಆಗುತ್ತದೆ. ಬೆಳೆಯುವ ಮರಿಯಲ್ಲಿ ಅಂಥ ಜಾಗ ಮುಖ್ಯವಾಗಿ ಎರಡು: ಕರುಳಿನ ಒಳಪದರ ಮತ್ತು ಮೂಳೆಯೊಳಗಿನ ಮಜ್ಜೆ.

ಕರುಳಿನ ಒಳಗೋಡೆಯನ್ನು ಭತ್ತದ ಗದ್ದೆ ಅಂದುಕೊಳ್ಳಿ. ಆಹಾರದ ಸಾರ, ನೀರು ಹೀರಿಕೊಳ್ಳುವ ಕೋಶಗಳು ಬೆಳೆದು ನಿಂತ ಪೈರು. ಅವುಗಳ ಆಯಸ್ಸು ಕೆಲವೇ ದಿನ. ಉದುರಿದ ಜಾಗಕ್ಕೆ ಹೊಸ ಸಸಿ ನೆಡುತ್ತಲೇ ಇರಬೇಕು. ಆ ಸಸಿ ಬರುವುದು ಪೈರಿನ ಬುಡದಲ್ಲಿರುವ ಸಣ್ಣ ಸಣ್ಣ ಗುಳಿಗಳಿಂದ. ಅದೇ ಕರುಳಿನ ಅಗೆಮಡಿ. ಪಾರ್ವೋ ಬೆಳೆದ ಪೈರಿಗೆ ಕೈ ಹಾಕುವುದಿಲ್ಲ, ನೇರವಾಗಿ ಅಗೆಮಡಿಯನ್ನೇ ನಾಶ ಮಾಡುತ್ತದೆ. ಎರಡು ಮೂರು ದಿನಕ್ಕೆ ಹಳೆಯ ಪೈರು ಉದುರುತ್ತದೆ, ನೆಡಲು ಸಸಿ ಇಲ್ಲ, ಗದ್ದೆ ಬೋಳಾಗುತ್ತದೆ. ಆಮೇಲೆ ಮರಿ ಕುಡಿದ ನೀರು ಮೈಗೆ ಹತ್ತುವುದಿಲ್ಲ. ಮೈಯೊಳಗಿನ ನೀರು, ಉಪ್ಪು, ರಕ್ತ ಕರುಳಿಗೆ ಸೋರಿ ಹೊರಗೆ ಹೋಗುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಅರ್ಧ ಗೆದ್ದ ಹಾಗೆ. ಅಘನಾಶಿನಿಯ ದಡದ ಗಜನಿ ಗದ್ದೆ ನೋಡಿದವರಿಗೆ ಮುಂದಿನದು ಸುಲಭವಾಗಿ ತಿಳಿಯುತ್ತದೆ. ಗಜನಿಯಲ್ಲಿ ಗದ್ದೆಗೂ ಉಪ್ಪುನೀರಿಗೂ ನಡುವೆ ಒಂದು ಮಣ್ಣಿನ ಒಡ್ಡು. ಒಡ್ಡು ಗಟ್ಟಿ ಇರುವ ತನಕ ಆಚೆ ಎಷ್ಟು ಭರತ ಬಂದರೂ ಚಿಂತೆಯಿಲ್ಲ. ಕರುಳಿನಲ್ಲೂ ಹಾಗೆ, ಒಳಗೆ ಯಾವಾಗಲೂ ಬ್ಯಾಕ್ಟೀರಿಯಾ ತುಂಬಿರುತ್ತದೆ. ಗೋಡೆ ಅದನ್ನು ರಕ್ತಕ್ಕೆ ಬಿಡುವುದಿಲ್ಲ. ಗೋಡೆ ಸವೆದಾಗ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತದೆ. ಒಡ್ಡು ಒಡೆದರೆ ಊರಿನವರೆಲ್ಲ ಓಡಿ ಬಂದು ಮಣ್ಣು ತುಂಬಬೇಕು ತಾನೆ, ಮೈಯಲ್ಲಿ ಆ ಕೆಲಸ ಬಿಳಿ ರಕ್ತಕಣಗಳದ್ದು. ಅವು ಹುಟ್ಟುವುದು ಮಜ್ಜೆಯಲ್ಲಿ, ಆ ಮಜ್ಜೆಯನ್ನೂ ವೈರಾಣು ಅದೇ ಹೊತ್ತಿಗೆ ಹಾಳು ಮಾಡಿರುತ್ತದೆ. ಒಡ್ಡು ಒಡೆದ ದಿನವೇ ಊರಿನಲ್ಲಿ ಆಳಿಲ್ಲ.

ಮರಿ ಸಾಯುವುದು ಈ ಮೂರರಿಂದ: ನೀರು ಬತ್ತಿ, ರಕ್ತಕ್ಕೆ ನಂಜೇರಿ, ಸಕ್ಕರೆ ಅಂಶ ಕುಸಿದು. ಹಾಲು ಕುಡಿಯುವ ತೀರಾ ಎಳೆ ಮರಿಗಳಲ್ಲಿ ವೈರಾಣು ಹೃದಯದ ಸ್ನಾಯುವಿಗೂ ತಗಲಬಹುದು. ಆಗ ಭೇದಿಯ ಸುಳಿವೇ ಇಲ್ಲದೆ ಮರಿ ಹಠಾತ್ತನೆ ಸಾಯುತ್ತದೆ.

ಗುರುತಿಸುವುದು ಹೇಗೆ

ಹೆಚ್ಚಾಗಿ ಬರುವುದು ಆರು ವಾರದಿಂದ ಆರು ತಿಂಗಳೊಳಗಿನ ಮರಿಗಳಿಗೆ. ರಾಟ್‌ವೀಲರ್, ಡಾಬರ್‌ಮನ್, ಜರ್ಮನ್ ಶೆಫರ್ಡ್ ತಳಿಗಳಲ್ಲಿ ಜೋರು ಹೆಚ್ಚು. ಊರನಾಯಿಗೆ ಬರುವುದಿಲ್ಲ ಎಂಬ ಮಾತು ಸುಳ್ಳು. ನಮ್ಮ ಅತ್ತೆಯ ಮನೆಯ ಮರಿ ಅಪ್ಪಟ ಊರನಾಯಿಯೇ.

ಮೊದಲ ದಿನ ರಕ್ತ ಕಾಣುವುದಿಲ್ಲ. ಮರಿ ಮಂಕಾಗುತ್ತದೆ, ಆಟ ಬಿಡುತ್ತದೆ, ಅನ್ನ ಬಿಡುತ್ತದೆ, ಮೈ ಬಿಸಿಯಾಗಬಹುದು. ಆಮೇಲೆ ವಾಂತಿ. ಭೇದಿ ಶುರುವಾಗುವುದು ಅದರ ಬೆನ್ನಿಗೆ, ಮೊದಲು ಹಳದಿ ನೀರು, ಮತ್ತೆ ರಕ್ತ. ಜನ ಆಸ್ಪತ್ರೆಗೆ ಹೊರಡುವುದು ರಕ್ತ ಕಂಡ ಮೇಲೆ. ಅಷ್ಟರಲ್ಲಿ ಒಂದೂವರೆ ಎರಡು ದಿನ ಕಳೆದಿರುತ್ತದೆ. ಲಸಿಕೆ ಪೂರ್ತಿಯಾಗದ ಮರಿ ಒಂದು ಹೊತ್ತು ಊಟ ಬಿಟ್ಟು, ಎರಡು ಸಲ ವಾಂತಿ ಮಾಡಿದರೆ ಅದೇ ಹೊರಡಬೇಕಾದ ಹೊತ್ತು ಎಂದು ನನ್ನ ಖಚಿತ ಅಭಿಪ್ರಾಯ.

ನೀರು ಎಷ್ಟು ಬತ್ತಿದೆ ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಹೆಗಲ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಡಿ. ಆರೋಗ್ಯದ ಮರಿಯಲ್ಲಿ ಅದು ಕೂಡಲೇ ಸ್ವಸ್ಥಾನಕ್ಕೆ ಹೋಗುತ್ತದೆ; ನಿಧಾನವಾಗಿ ಇಳಿದರೆ ಅಥವಾ ಗುಡಾರದ ಹಾಗೆ ನಿಂತೇ ಬಿಟ್ಟರೆ ನೀರು ಬಹಳ ಕಡಿಮೆಯಾಗಿದೆ. ವಸಡು ಮುಟ್ಟಿ ನೋಡಿ: ಒದ್ದೆಯಾಗಿ ಗುಲಾಬಿ ಬಣ್ಣದಲ್ಲಿರಬೇಕು. ಅಂಟಂಟಾಗಿ, ಬಿಳಿಚಿಕೊಂಡು, ಬೆರಳಿಗೆ ತಣ್ಣಗೆ ತಾಗಿದರೆ ಒಂದು ಗಂಟೆಯನ್ನೂ ಕಾಯಬೇಡಿ.

ರಕ್ತಭೇದಿ ಆದದ್ದೆಲ್ಲ ಪಾರ್ವೋ ಅಲ್ಲ ಎಂಬುದೂ ನಿಜ. ಕೊಕ್ಕೆಹುಳ, ಇಲಿ ಪಾಷಾಣ, ನುಂಗಿದ ಮೂಳೆ, ಮೀನಿನ ಮುಳ್ಳು ಇವೂ ಕಾರಣವಾಗಬಹುದು. ಆದ್ದರಿಂದಲೇ ಪರೀಕ್ಷೆ. ಹತ್ತಿಕಡ್ಡಿಯಲ್ಲಿ ಸ್ವಲ್ಪ ಮಲ ತೆಗೆದು ಕಿಟ್‌ನಲ್ಲಿ ನೋಡಿದರೆ ಹತ್ತು ಹದಿನೈದು ನಿಮಿಷದಲ್ಲಿ ಗೆರೆ ಮೂಡುತ್ತದೆ, ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ ಮೂಡುವ ಹಾಗೆ. ಗೆರೆ ಮೂಡಿದರೆ ಹೆಚ್ಚೂ ಕಡಿಮೆ ಖಾತ್ರಿ. ಮೂಡದಿದ್ದರೆ ಪಾರ್ವೋ ಇಲ್ಲವೇ ಇಲ್ಲ ಎಂದು ಹೇಳಲಾಗದು, ತೀರಾ ಮೊದಲು ಅಥವಾ ತೀರಾ ತಡವಾಗಿ ನೋಡಿದರೆ ಸಿಗದೇ ಹೋಗಬಹುದು. ಲಸಿಕೆ ಹಾಕಿ ಒಂದೆರಡು ವಾರದೊಳಗಾದರೆ ಲಸಿಕೆಯ ವೈರಾಣುವೇ ಗೆರೆ ಮೂಡಿಸುವುದೂ ಉಂಟು, ಹಾಗಾಗಿ ಲಸಿಕೆಯ ದಿನಾಂಕ ಡಾಕ್ಟರಿಗೆ ಹೇಳಬೇಕು.

ಸಲೈನ್ ಯಾಕೆ, ಇಂಜೆಕ್ಷನ್ ಯಾತಕ್ಕೆ

ಕೇರಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ: "ಪಾರ್ವೋಗೆ ಔಷಧ ಇಲ್ಲ ಅಂತಾರೆ, ಮತ್ತೆ ಆಸ್ಪತ್ರೆಯಲ್ಲಿ ಹಾಕುವುದು ಏನು?"

ವೈರಾಣುವನ್ನು ನೇರವಾಗಿ ಕೊಲ್ಲುವ ಮಾತ್ರೆ ನಮ್ಮ ಸಾಮಾನ್ಯ ಚಿಕಿತ್ಸೆಯಲ್ಲಿ ಇಲ್ಲ. ಅಮೆರಿಕದಲ್ಲಿ 2023ರಲ್ಲಿ ವೈರಾಣುವನ್ನೇ ಕಟ್ಟಿಹಾಕುವ ಪ್ರತಿಕಾಯದ (ರೋಗಾಣುವನ್ನು ಎದುರಿಸಲು ಮೈ ತಯಾರಿಸುವಂಥ ಪ್ರೋಟೀನು) ಒಂದು ಇಂಜೆಕ್ಷನ್ನಿಗೆ ಷರತ್ತಿನ ಅನುಮತಿ ಸಿಕ್ಕಿತು; ನಮ್ಮೂರಿನ ಮರಿ ಇವತ್ತು ಅದನ್ನು ನಂಬಿಕೊಂಡು ಬದುಕುವಂತಿಲ್ಲ. ಆದರೆ ಮರಿಯ ಮೈಯೇ ವೈರಾಣುವನ್ನು ಸೋಲಿಸಬಲ್ಲದು. ಅದಕ್ಕೆ ಬೇಕಾದ್ದು ಐದಾರು ದಿನದ ಸಮಯ. ಮಜ್ಜೆ ಮತ್ತೆ ಚಿಗುರಿ, ಕರುಳಿನ ಅಗೆಮಡಿ ಮತ್ತೆ ಹಸಿರಾಗುವ ತನಕ ಮರಿಯನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆ. ಏನೂ ಮಾಡದೆ ಬಿಟ್ಟರೆ ಹತ್ತರಲ್ಲಿ ಒಂದು ಮರಿ ಬದುಕುವುದೂ ಕಷ್ಟ. ಬೇಗ ಸರಿಯಾದ ಚಿಕಿತ್ಸೆ ಸಿಕ್ಕಿದರೆ ಹತ್ತರಲ್ಲಿ ಎಂಟು, ಒಂಬತ್ತು ಬದುಕುತ್ತವೆ. ವ್ಯತ್ಯಾಸ ಅಷ್ಟು ದೊಡ್ಡದು.

ಎಲ್ಲಕ್ಕಿಂತ ಮುಖ್ಯ ಸಲೈನ್. ಲೆಕ್ಕ ಹಾಕಿ ನೋಡೋಣ. ಐದು ಕಿಲೋ ತೂಕದ ಮರಿ, ಮೈತೂಕದ ನೂರಕ್ಕೆ ಎಂಟರಷ್ಟು ನೀರು ಕಳೆದುಕೊಂಡಿದೆ ಅಂದುಕೊಳ್ಳಿ. ಅಂದರೆ 400 ಮಿಲಿ ಲೀಟರ್ ಸಾಲ. ಜೊತೆಗೆ ದಿನದ ಸಾಮಾನ್ಯ ಅಗತ್ಯ, ಕಿಲೋಗೆ ಸುಮಾರು 60 ಮಿಲಿಯಂತೆ, 300 ಮಿಲಿ. ಇಲ್ಲಿಗೇ 700 ಆಯಿತು. ವಾಂತಿ ಭೇದಿಯಲ್ಲಿ ಇನ್ನೂ ಹೋಗುತ್ತಿರುವುದು ಬೇರೆ. ಇದನ್ನೆಲ್ಲ ಬಾಯಿಯಿಂದ ಚಮಚದಲ್ಲಿ ತುಂಬಿಸಲು ಸಾಧ್ಯವೇ? ಕುಡಿಸಿದರೂ ಹೀರಿಕೊಳ್ಳಲು ಕರುಳಿಗೆ ಪೈರಿಲ್ಲ. ಅದಕ್ಕೇ ಮುಂಗಾಲಿನ ರಕ್ತನಾಳಕ್ಕೆ ಸೂಜಿ ಹಾಕಿ ನೇರವಾಗಿ ಕೊಡುವುದು. ಒಂದು ಸಲ ಒಂದು ಬಾಟಲಿ ಹಾಕಿಸಿ ಮನೆಗೆ ತಂದು, ಮರಿ ಸ್ವಲ್ಪ ಕಣ್ಣು ಬಿಟ್ಟಿತೆಂದು ಮರುದಿನ ಹೋಗದೇ ಇರುವುದು ನಮ್ಮಲ್ಲಿ ಬಹಳ ನಡೆಯುತ್ತದೆ. ಸೋರುವ ಕೊಡಕ್ಕೆ ಒಂದು ದಿನ ನೀರು ತುಂಬಿದರೆ ಸಾಲದು. ಕಿಂಡಿ ಮುಚ್ಚುವ ತನಕ ದಿನವೂ ತುಂಬುತ್ತಲೇ ಇರಬೇಕು.

ಸಲೈನ್ ಬಾಟಲಿಗೆ ಪೊಟ್ಯಾಸಿಯಂ, ಗ್ಲೂಕೋಸ್ ಸೇರಿಸುವುದು ಭೇದಿಯಲ್ಲಿ ಹೋದ ಲವಣವನ್ನೂ ಕುಸಿದ ಸಕ್ಕರೆಯನ್ನೂ ತುಂಬಲು. ವಾಂತಿ ನಿಲ್ಲಿಸಲು ಬೇರೆ ಇಂಜೆಕ್ಷನ್. ಒಂಡಾನ್‌ಸೆಟ್ರಾನ್, ಮಾರೋಪಿಟಂಟ್ ಎಂಬ ಹೆಸರುಗಳು ಚೀಟಿಯಲ್ಲಿ ಕಾಣಬಹುದು. ಆಂಟಿಬಯಾಟಿಕ್ ವೈರಾಣುವಿಗೆ ಏನೂ ಮಾಡುವುದಿಲ್ಲ, ಒಡ್ಡು ಒಡೆದು ರಕ್ತಕ್ಕೆ ನುಗ್ಗಿದ ಬ್ಯಾಕ್ಟೀರಿಯಾಕ್ಕಾಗಿ ಅದು. ಪ್ರೋಟೀನ್, ರಕ್ತ ತೀರಾ ಕಡಿಮೆಯಾದರೆ ಇನ್ನೊಂದು ನಾಯಿಯ ರಕ್ತ ಅಥವಾ ಪ್ಲಾಸ್ಮಾ ಕೊಡುವ ಪದ್ಧತಿಯೂ ಇದೆ, ದೊಡ್ಡ ಆಸ್ಪತ್ರೆಗಳಲ್ಲಿ.

ಊಟದ ವಿಷಯದಲ್ಲಿ ಡಾಕ್ಟರುಗಳ ಅಭಿಪ್ರಾಯವೇ ಬದಲಾಗಿದೆ. ಮೊದಲೆಲ್ಲ ವಾಂತಿ ಪೂರ್ತಿ ನಿಲ್ಲುವ ತನಕ ಉಪವಾಸ ಕೆಡವುತ್ತಿದ್ದರು. ಈಗ ವಾಂತಿ ಹತೋಟಿಗೆ ಬಂದ ಕೂಡಲೇ ಚಮಚದ ಲೆಕ್ಕದಲ್ಲಿ ತೆಳ್ಳಗಿನ ಆಹಾರ ಶುರು ಮಾಡುತ್ತಾರೆ. ಕರುಳಿನ ಕೋಶಗಳು ತಮಗೆ ಬೇಕಾದ ಪೋಷಣೆಯ ಬಹುಪಾಲನ್ನು ಕರುಳಲ್ಲಿ ಹರಿಯುವ ಆಹಾರದಿಂದಲೇ ಪಡೆಯುತ್ತವೆ. ಬೇಗ ಉಂಡ ಮರಿಗಳು ಬೇಗ ಚೇತರಿಸಿಕೊಳ್ಳುತ್ತವೆ ಎಂದು ಕಂಡುಬಂದಿದೆ.

ಅತ್ತೆಯ ಮರಿಯನ್ನು ನೋಡಿದ ಡಾಕ್ಟರು ಸಲೈನ್ ಹಚ್ಚಿ ಮೊದಲು ಹೇಳಿದ್ದು ಔಷಧದ ಮಾತಲ್ಲ. "ಮೈ ತಣ್ಣಗಿದೆ, ಬಿಸಿನೀರು ತುಂಬಿದ ಬಾಟ್ಲಿ ಟವೆಲ್ಲಲ್ಲಿ ಸುತ್ತಿ ಪಕ್ಕಕ್ಕಿಡಿ" ಅಂದರು. ಮುಂಗಾಲಿನ ಕೂದಲು ಬೋಳಿಸಿ, ಬೆರಳಿನಷ್ಟು ಸಣ್ಣ ಆ ಕಾಲಲ್ಲಿ ನಾಳ ಹುಡುಕಲು ಕಾಲು ಗಂಟೆ ಹಿಡಿಯಿತು. ನೀರು ಬತ್ತಿದಾಗ ನಾಳಗಳೂ ಕುಗ್ಗಿ ಹೋಗುತ್ತವೆ. ತಡವಾದಷ್ಟೂ ಸೂಜಿ ಹಾಕುವುದೇ ಕಷ್ಟ.

ನಮ್ಮ ಜಿಲ್ಲೆಯಲ್ಲಿ ಎಲ್ಲಿಗೆ ಹೋಗುವುದು

ಪುಸ್ತಕದ ಚಿಕಿತ್ಸೆ ಅಂದರೆ ಮರಿಯನ್ನು ಹಗಲೂ ರಾತ್ರಿ ಒಳರೋಗಿಯಾಗಿ ಇಟ್ಟುಕೊಳ್ಳುವುದು. ನಮ್ಮಲ್ಲಿ ಅದು ಹೆಚ್ಚಿನವರಿಗೆ ಕೈಗೆಟುಕದು. ತಾಲೂಕು ಕೇಂದ್ರಗಳಲ್ಲಿ ಸರಕಾರಿ ಪಶು ಆಸ್ಪತ್ರೆ ಇದೆ, ಪೇಟೆಗಳಲ್ಲಿ ಖಾಸಗಿ ಡಾಕ್ಟರು ಇದ್ದಾರೆ. ಪಶು ಆಸ್ಪತ್ರೆ ದನ ಎಮ್ಮೆಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ, ನಾಯಿಯನ್ನೂ ನೋಡುತ್ತಾರೆ. ಆದರೆ ಡಾಕ್ಟರು ಕರು ಹಾಕಿಸಲು ಹಳ್ಳಿಗೆ ಹೋಗಿರಬಹುದು, ಹಾಗಾಗಿ ಫೋನ್ ಮಾಡಿಯೇ ಹೊರಡಬೇಕು. ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962. ಹತ್ತಿರದಲ್ಲಿ ಯಾರು ಸಿಗುತ್ತಾರೆ ಎಂದು ಅಲ್ಲಿ ವಿಚಾರಿಸಬಹುದು. ಮೇಲಿನ ಹಂತದ ಚಿಕಿತ್ಸೆ ಬೇಕಾದರೆ ಶಿರಸಿ, ಸಿದ್ದಾಪುರದ ಕಡೆಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಇದೆ. ಕಾರವಾರದವರು ಗಡಿ ದಾಟಿ ಮಡಗಾಂವ್ ಕಡೆ ಹೋಗುವುದೂ ಇದೆ.

ದಾರಿಯೇ ಇಲ್ಲಿ ದೊಡ್ಡ ಪ್ರಶ್ನೆ. ಕುಮಟಾದಿಂದ ಶಿರಸಿಗೆ ಸುಮಾರು 60 ಕಿಲೋಮೀಟರ್, ಮಧ್ಯೆ ದೇವಿಮನೆ ಘಟ್ಟ. ಮಳೆಗಾಲದಲ್ಲಿ ಗುಡ್ಡ ಜರಿದರೆ ಸುತ್ತು ಹಾಕಬೇಕು. ಸಲೈನ್ ಹಚ್ಚಬಲ್ಲ ಹತ್ತಿರದ ಡಾಕ್ಟರನ್ನು ಬಿಟ್ಟು ದೂರದ ದೊಡ್ಡ ಆಸ್ಪತ್ರೆಗೆ ಮೊದಲೇ ಓಡುವುದು ತಪ್ಪು. ಮೊದಲು ಹತ್ತಿರದಲ್ಲಿ ನೀರು ತುಂಬಿಸಿ, ವಾಂತಿ ನಿಲ್ಲಿಸುವ ಇಂಜೆಕ್ಷನ್ ಕೊಡಿಸಿ, ಆಮೇಲೆ ಬೇಕಾದರೆ ಮುಂದೆ.

ಒಳರೋಗಿಯಾಗಿ ಇಡಲಾಗದ ಮರಿಗೂ ದಾರಿ ಇದೆ. ಅಮೆರಿಕದ ಕೊಲರಾಡೋ ಸ್ಟೇಟ್ ಯೂನಿವರ್ಸಿಟಿಯ ಪಶುವೈದ್ಯರು ಇದನ್ನೇ ಪರೀಕ್ಷಿಸಿ ನೋಡಿದರು: ಮೊದಲು ರಕ್ತನಾಳಕ್ಕೆ ನೀರು ಕೊಟ್ಟು ಸುಧಾರಿಸಿ, ಆಮೇಲೆ ದಿನಕ್ಕೆ ಹಲವು ಸಲ ಚರ್ಮದಡಿಗೆ ಸಲೈನ್, ವಾಂತಿಯ ಇಂಜೆಕ್ಷನ್, ದೀರ್ಘಕಾಲ ಕೆಲಸ ಮಾಡುವ ಒಂದು ಆಂಟಿಬಯಾಟಿಕ್, ಸಕ್ಕರೆ ಮತ್ತು ಪೊಟ್ಯಾಸಿಯಂ ಮೇಲೆ ಕಣ್ಣು. ಒಳರೋಗಿಗಳಲ್ಲಿ ನೂರಕ್ಕೆ 90, ಈ ಕ್ರಮದಲ್ಲಿ ನೂರಕ್ಕೆ 80 ಮರಿಗಳು ಉಳಿದವು. ಸಣ್ಣ ಅಧ್ಯಯನ, ಒಂದೊಂದು ಗುಂಪಿನಲ್ಲಿ 20 ನಾಯಿಗಳಷ್ಟೇ, ಆರೈಕೆಯೂ ಬಹಳ ಬಿಗಿಯಾಗಿತ್ತು. ಆದರೂ "ಮನೆಗೆ ಒಯ್ದರೆ ಸತ್ತೇ ಹೋಗುತ್ತದೆ" ಎಂಬುದು ನಿಜವಲ್ಲ ಎಂದು ಅದರಿಂದ ತಿಳಿಯುತ್ತದೆ. ನಮ್ಮ ಡಾಕ್ಟರುಗಳು ಹೆಚ್ಚಾಗಿ ಮಾಡುವುದೂ ಇದರ ಹತ್ತಿರದ್ದೇ. ಹಗಲು ಸಲೈನ್ ಹಚ್ಚಿ, ಕಾಲಿನ ಸೂಜಿಯನ್ನು ಬ್ಯಾಂಡೇಜು ಸುತ್ತಿ ಹಾಗೇ ಬಿಟ್ಟು, ಸಂಜೆ ಮನೆಗೆ ಕಳಿಸಿ ಬೆಳಿಗ್ಗೆ ಮತ್ತೆ ಕರೆಯುತ್ತಾರೆ. ರಾತ್ರಿ ಏನೇನು ನೋಡಿಕೊಳ್ಳಬೇಕು, ಎಷ್ಟು ಹೊತ್ತಿಗೆ ಏನು ಕೊಡಬೇಕು ಎಂದು ಬರೆಸಿಕೊಂಡು ಬನ್ನಿ. ಐದು ದಿನಕ್ಕೆ ಒಟ್ಟು ಖರ್ಚು ಎಷ್ಟಾದೀತು ಎಂದು ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ. ಮೂರನೇ ದಿನ ದುಡ್ಡು ಮುಗಿದು ಚಿಕಿತ್ಸೆ ನಿಂತರೆ ಮೊದಲೆರಡು ದಿನದ್ದೂ ನೀರಿನಲ್ಲಿ ಹೋಮ ಮಾಡಿದ ಹಾಗೆ.

ಆಸ್ಪತ್ರೆಗೆ ಒಯ್ಯುವಾಗ ರಟ್ಟಿನ ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಹಳೆಯ ಬಟ್ಟೆ ಹಾಕಿ. ಅಲ್ಲಿ ಲಸಿಕೆಗೆ ಬಂದ ಬೇರೆ ಮರಿಗಳಿರುತ್ತವೆ. ಪಾರ್ವೋ ಇರಬಹುದೆಂದು ಮೊದಲೇ ತಿಳಿಸಿ, ಕರೆಯುವ ತನಕ ಮರಿಯನ್ನು ನೆಲಕ್ಕಿಡದೆ ಗಾಡಿಯಲ್ಲೇ ಇಟ್ಟುಕೊಳ್ಳಿ.

ಮನೆಯಲ್ಲಿ ಏನು ಮಾಡಬಹುದು, ಏನು ಮಾಡಬಾರದು

ದಾಳಿಂಬೆ ಸಿಪ್ಪೆಯ ಕಷಾಯ, ಮಜ್ಜಿಗೆ, ಎಳನೀರು, ಮುರುಗಲ ಸಾರು, ಎಲ್ಲವನ್ನೂ ಪ್ರೀತಿಯಿಂದಲೇ ಕೊಡುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಇರುವುದು ನಿಜ. ಆದರೆ ವಾಂತಿ ಮಾಡುತ್ತಿರುವ ಮರಿಯ ಬಾಯಿಗೆ ಏನು ಸುರಿದರೂ ಅದು ಇನ್ನಷ್ಟು ವಾಂತಿ ಬರಿಸುತ್ತದೆ. ನಿತ್ರಾಣವಾದ ಮರಿಯಾದರೆ ಶ್ವಾಸಕೋಶಕ್ಕೆ ಇಳಿದು ಉಸಿರೇ ಕಟ್ಟಬಹುದು. ವಾಂತಿ ಇಲ್ಲದಿದ್ದರೆ ದಾರಿಯಲ್ಲಿ ಓಆರ್‌ಎಸ್ ನೀರನ್ನು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಂದು ಚಮಚದಂತೆ ಕೊಡಬಹುದು, ವಾಂತಿಯಾದರೆ ಅಲ್ಲಿಗೇ ನಿಲ್ಲಿಸಬೇಕು. ಮರಿ ಸೋತು ಬಿದ್ದಿದ್ದರೆ ಸ್ವಲ್ಪ ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ಬೆರಳಿಗೆ ಹಚ್ಚಿಕೊಂಡು ವಸಡಿಗೆ ತಿಕ್ಕಿ.

ಮನುಷ್ಯರ ಮಾತ್ರೆ ಬೇಡವೇ ಬೇಡ. ಜ್ವರದ ಪ್ಯಾರಾಸಿಟಮಾಲ್, ನೋವಿನ ಐಬುಪ್ರೊಫೇನ್ ನಾಯಿಗೆ ವಿಷವಾಗಬಲ್ಲವು. ಭೇದಿ ನಿಲ್ಲಿಸುವ ಲೋಪೆರಮೈಡ್ ಕರುಳಿನ ಚಲನೆಯನ್ನೇ ನಿಲ್ಲಿಸಿ ನಂಜನ್ನು ಒಳಗೇ ಕೂಡಿಹಾಕುತ್ತದೆ.

ಅಂಗಳ ತೊಳೆಯುವುದು

ಇದಕ್ಕೆ ಕೆಲಸಕ್ಕೆ ಬರುವುದು ಕ್ಲೋರಿನ್. ಬಾಟಲಿಯಲ್ಲಿ ಸಿಗುವ ಬ್ಲೀಚ್ ದ್ರಾವಣವಾದರೆ ಒಂದು ಭಾಗಕ್ಕೆ ಮೂವತ್ತು ಭಾಗ ನೀರು. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಆದರೆ ಹತ್ತು ಲೀಟರ್ ಬಕೆಟ್ಟಿಗೆ ಸುಮಾರು 60 ಗ್ರಾಂ. ವರ್ಷದಿಂದ ಬಾಯಿ ತೆರೆದಿಟ್ಟ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಹೊಸದೇ ಬೇಕು. ಮೊದಲು ಮಲ, ವಾಂತಿಯನ್ನು ಬಳಿದು ತೆಗೆದು ಸೋಪುನೀರಿನಲ್ಲಿ ತೊಳೆಯಿರಿ. ಕೊಳೆ ಇದ್ದಲ್ಲಿ ಕ್ಲೋರಿನ್ ಕೊಳೆಯ ಮೇಲೆಯೇ ಖರ್ಚಾಗಿ ಹೋಗುತ್ತದೆ. ಆಮೇಲೆ ಕ್ಲೋರಿನ್ ನೀರು ಹಾಕಿ ಹತ್ತು ನಿಮಿಷ ಒದ್ದೆಯಾಗಿಯೇ ಬಿಡಿ. ಆಸಿಡ್ ಅಥವಾ ಪಾಯಿಖಾನೆ ತೊಳೆಯುವ ದ್ರಾವಣದ ಜೊತೆ ಬೆರೆಸಿದರೆ ವಿಷಗಾಳಿ ಏಳುತ್ತದೆ, ಆ ತಪ್ಪು ಮಾತ್ರ ಮಾಡಬೇಡಿ.

ಗ್ರಾನೈಟ್, ಸಿಮೆಂಟು ನೆಲಕ್ಕೆ ಇದು ಸಾಕು. ಸಗಣಿ ಸಾರಿಸಿದ ಅಂಗಳ, ಮಣ್ಣು, ತೂತು ತೂತಾದ ಚಿರೇಕಲ್ಲಿನ ಕಟ್ಟೆಯಲ್ಲಿ ಇದು ಸರಿಯಾಗಿ ಕೆಲಸ ಮಾಡುವುದಿಲ್ಲ. ಅಲ್ಲಿ ಬಿಸಿಲೇ ಗತಿ, ಅದೂ ಬೇಸಿಗೆಯ ಬಿಸಿಲು. ಗೋಣಿಚೀಲ, ಹಾಳೆ ಸುಟ್ಟುಬಿಡಿ. ಪಾರ್ವೋ ಆದ ಮನೆಗೆ ಹೊಸ ಮರಿ ತರುವುದಾದರೆ ಲಸಿಕೆ ಪೂರ್ತಿಯಾದದ್ದನ್ನೇ ತನ್ನಿ.

ಜನರಿಗೆ ಇದು ಬರುವುದಿಲ್ಲ. ಮನುಷ್ಯರಿಗೂ ಒಂದು ಪಾರ್ವೋ ವೈರಾಣು ಇದೆ, ಅದು ಬೇರೆಯದೇ. ದನಕರುಗಳಿಗೂ ನಾಯಿಯದು ತಗಲುವುದಿಲ್ಲ. ಬೆಕ್ಕಿಗೆ ತಗಲಬಹುದು.

ಲಸಿಕೆ ಎಷ್ಟು ಸಲ, ಯಾಕೆ ಅಷ್ಟು ಸಲ

"ಇಂಜೆಕ್ಷನ್ ಹಾಕಿಸಿದ್ವಲ್ಲ, ಮತ್ತೆ ಹೇಗೆ ಬಂತು?" ಕೆಳಗಿನ ಕೇರಿಯ ಒಂದು ಮನೆಯವರ ಪ್ರಶ್ನೆ ಇದು. ವಿಚಾರಿಸಿದರೆ ಹಾಕಿಸಿದ್ದು ರೇಬೀಸ್ ಲಸಿಕೆ. ಹುಚ್ಚುನಾಯಿ ರೋಗಕ್ಕೆ ಅದು ಬೇಕೇ ಬೇಕು, ಪಾರ್ವೋಗೂ ಅದಕ್ಕೂ ಸಂಬಂಧ ಇಲ್ಲ. ಪಾರ್ವೋ ಲಸಿಕೆ ಬರುವುದು ಡಿಸ್ಟೆಂಪರ್ (ನಾಯಿಗಳಿಗೆ ಬರುವ ಇನ್ನೊಂದು ವೈರಾಣು ರೋಗ) ಮುಂತಾದವುಗಳ ಲಸಿಕೆಯ ಜೊತೆ ಸೇರಿ. ಅಂಗಡಿಗಳಲ್ಲಿ ಸೆವೆನ್ ಇನ್ ಒನ್, ನೈನ್ ಇನ್ ಒನ್ ಅನ್ನುತ್ತಾರೆ.

ಒಂದೇ ಸಲ ಯಾಕೆ ಸಾಲದು? ಮರಿ ಹುಟ್ಟಿದ ಮೊದಲ ದಿನ ಕುಡಿಯುವ ಗಿಣ್ಣುಹಾಲಿನಲ್ಲಿ ತಾಯಿಯ ಪ್ರತಿಕಾಯ ಇರುತ್ತದೆ. ತವರಿನಿಂದ ಕಟ್ಟಿಕೊಟ್ಟ ಬುತ್ತಿ ಅದು, ಸುಮಾರು ಹತ್ತು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಬುತ್ತಿ ತುಂಬಾ ಇರುವಾಗ ಲಸಿಕೆ ಹಾಕಿದರೆ ತಾಯಿಯ ಪ್ರತಿಕಾಯ ಲಸಿಕೆಯನ್ನೂ ಶತ್ರುವೆಂದು ಹೊಡೆದು ಹಾಕುತ್ತದೆ, ಮರಿಯ ಮೈ ಏನನ್ನೂ ಕಲಿಯುವುದಿಲ್ಲ. ಬುತ್ತಿ ಪೂರ್ತಿ ಮುಗಿದ ಮೇಲೆ ಹಾಕೋಣ ಎಂದರೆ ಅಷ್ಟರಲ್ಲಿ ರೋಗವೇ ಬಂದಿರಬಹುದು. ಇನ್ನೂ ಕಷ್ಟ ಏನೆಂದರೆ, ಮಧ್ಯದಲ್ಲಿ ಒಂದಿಷ್ಟು ದಿನ ಪ್ರತಿಕಾಯ ಲಸಿಕೆಯನ್ನು ತಡೆಯುವಷ್ಟು ಇರುತ್ತದೆ, ನಿಜವಾದ ರೋಗವನ್ನು ತಡೆಯುವಷ್ಟು ಇರುವುದಿಲ್ಲ. ಆ ದಿನಗಳು ಒಂದೊಂದು ಮರಿಗೆ ಒಂದೊಂದು ವಯಸ್ಸಿನಲ್ಲಿ ಬರುತ್ತವೆ, ಒಂದೇ ಸೂಲಿನ ಮರಿಗಳಲ್ಲೂ ಬೇರೆ ಬೇರೆ.

ಅದಕ್ಕಾಗಿ ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆಯಂತೆ ಹಾಕುತ್ತಾ ಹೋಗುವುದು, ಯಾವುದಾದರೊಂದು ಡೋಸು ಸರಿಯಾದ ಹೊತ್ತಿಗೆ ಬೀಳಲಿ ಎಂದು. ಕೊನೆಯದು 16 ವಾರ ಆದ ಮೇಲೆ ಬೀಳಲೇಬೇಕು. ನಮ್ಮಲ್ಲಿ ಹೆಚ್ಚಿನ ಮರಿಗಳಿಗೆ ತಪ್ಪುವುದು ಇದೇ ಡೋಸು. ಎರಡು ಆಯಿತು, ಮರಿ ದೊಡ್ಡದಾಯಿತು, ಮತ್ತೆ ಪೇಟೆಗೆ ಯಾರು ಒಯ್ಯುವುದು ಎಂದು ಬಿಟ್ಟುಬಿಡುತ್ತಾರೆ. ಒಂದು ವರ್ಷದೊಳಗೆ ಇನ್ನೊಂದು, ಆಮೇಲೆ ಡಾಕ್ಟರು ಹೇಳಿದ ಹಾಗೆ.

ಲಸಿಕೆಯನ್ನು 2ರಿಂದ 8 ಡಿಗ್ರಿ ತಣ್ಣಗೆ ಇಡಬೇಕು. ಗಾಳಿಮಳೆಗೆ ಕರೆಂಟು ಹೋದರೆ ಎರಡು ದಿನ ಬಾರದ ಊರುಗಳು ನಮ್ಮವು. ಬಾಟಲಿಯನ್ನು ಅಂಗಡಿಯಿಂದ ಕಿಸೆಯಲ್ಲಿಟ್ಟು ಬೈಕಿನಲ್ಲಿ ತಂದು ಮನೆಯಲ್ಲಿ ಚುಚ್ಚಿಸುವ ಬದಲು, ಫ್ರಿಜ್ಜಿನಿಂದ ತೆಗೆದು ಅಲ್ಲೇ ಹಾಕುವ ಡಾಕ್ಟರ ಹತ್ತಿರ ಮರಿಯನ್ನೇ ಒಯ್ಯಿರಿ. ಕಾರ್ಡಿನಲ್ಲಿ ಬಾಟಲಿಯ ಚೀಟಿ ಅಂಟಿಸಿ ತಾರೀಖು ಬರೆಸಿಕೊಳ್ಳಿ.

ಅತ್ತೆಯ ಮರಿ ನಾಲ್ಕನೇ ದಿನ ವಾಂತಿ ನಿಲ್ಲಿಸಿತು. ಐದನೇ ದಿನ ಬೆಳಿಗ್ಗೆ ಗಂಜಿಯ ತಿಳಿಯನ್ನು ಒಂದು ಚಮಚ ನೆಕ್ಕಿ, ಇನ್ನೂ ಬೇಕೆಂದು ಚಮಚವನ್ನೇ ಕಚ್ಚಿ ಹಿಡಿಯಿತು. ಮೂರು ನಾಲ್ಕು ದಿನದ ಚಿಕಿತ್ಸೆ ದಾಟಿದ ಮರಿಗಳು ಹೆಚ್ಚಾಗಿ ಉಳಿಯುತ್ತವೆ, ಒಮ್ಮೆ ಗೆದ್ದದ್ದಕ್ಕೆ ವರ್ಷಗಟ್ಟಲೆ ಪಾರ್ವೋ ಭಯವಿಲ್ಲ. ಮಲದಲ್ಲಿ ಮಾತ್ರ ಇನ್ನೂ ಎರಡು ವಾರದ ತನಕ ವೈರಾಣು ಹೋಗುತ್ತಿರಬಹುದು ಎಂದು ಡಾಕ್ಟರು ಹೇಳಿದ್ದರಿಂದ ಅದು ಅಷ್ಟು ದಿನ ಕೊಟ್ಟಿಗೆಯ ಪಕ್ಕದ ಸಿಮೆಂಟು ಕಟ್ಟೆಯಲ್ಲೇ ಇತ್ತು. ಅದೇ ಸೂಲಿನ ಕೊನೆಯ ಮರಿ ಮೇಲಿನ ಮನೆಯಲ್ಲಿದೆ, ಅದಕ್ಕೆ ಮೊದಲ ಲಸಿಕೆ ಆಗಿದೆ. ಉಳಿದ ತಾರೀಖುಗಳಿಗೆ ಅವರು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿಟ್ಟಿದ್ದಾರೆ. ಕೊನೆಯ ಸುತ್ತು 16 ವಾರ ದಾಟಿದ ಮೇಲಿನ ಸೋಮವಾರಕ್ಕಿದೆ.